ಅನ್ನ ಬೆವರದಂತೆ ಮುಚ್ಚಳ ಹಾಕುವವರು

ಬೆಳಗಿನ ಆರು ಗಂಟೆ. ಹೋಟೆಲಿನ ಹಿಂಬಾಗಿಲಲ್ಲಿ ಸ್ಟೂಲಿನ ಮೇಲೆ ಕುಳಿತ ಹೆಂಗಸಿನ ಕೈಯಲ್ಲಿ ರಟ್ಟಿನ ಹಾಳೆ ನಾಲ್ಕೇ ಮಡಿಕೆಗೆ ಡಬ್ಬಿಯಾಗುತ್ತದೆ. ಏಳರೊಳಗೆ ಇಂಥವು ನೂರೈವತ್ತು ಆಗಬೇಕು. ಆಮೇಲೆ ದಬ್ಬಣ ಹಿಡಿದು ಒಂದೊಂದು ಮುಚ್ಚಳಕ್ಕೂ ನಾಲ್ಕು ತೂತು. "ಮೂರು ಸಾಕಾಗಲ್ಲ. ಐದಾದ್ರೆ ಮನೆ ಮುಟ್ಟೋಷ್ಟರಲ್ಲಿ ತಣ್ಣಗಾಗಿರುತ್ತೆ," ಎನ್ನುತ್ತಾರೆ, ತಲೆ ಎತ್ತದೆ.

ಇದು ಉಜ್ಬೆಕ್ ಮತ್ತು ರಷ್ಯನ್ ಅಡುಗೆಯ ಹೋಟೆಲು. ಕೂತು ಉಣ್ಣುವವರಿಗಿಂತ ಫೋನಿನಲ್ಲಿ ಹೇಳಿ ಮನೆಗೆ ತರಿಸಿಕೊಳ್ಳುವವರೇ ಹೆಚ್ಚು. ಬೀಟ್‌ರೂಟ್ ಸೂಪು ಒಂದು ಹನಿಯೂ ಚೆಲ್ಲದೆ ಬಂದರೆ ನಾವು ಅಡುಗೆಯವರನ್ನು ಹೊಗಳುತ್ತೇವೆ. ಕಟ್ಟಿಕೊಟ್ಟವರು ಯಾರಿಗೂ ನೆನಪಾಗುವುದಿಲ್ಲ. ನನಗೂ ಆಗಿರಲಿಲ್ಲ, ನಾಚಿಕೆಯಿಂದಲೇ ಹೇಳುತ್ತೇನೆ. ಇಲ್ಲಿ ಕಟ್ಟಿಕೊಡುವ ಈ ಹೆಂಗಸು ಎಲ್ಲರ ಬಾಯಲ್ಲೂ 'ಡಬ್ಬಿ ಅಕ್ಕ'.

ಒಂಬತ್ತು ವರ್ಷದ ಹಿಂದೆ ಪಾತ್ರೆ ತೊಳೆಯಲು ಸೇರಿದವರು. ಗಂಡ ತೀರಿಕೊಂಡ ಮೇಲೆ ಅತ್ತೆ, ಮಗಳು ಇಬ್ಬರ ಹೊಣೆಯೂ ಇವರದೇ. ಸೋಪಿನ ನೀರಿಗೆ ಬೆರಳು ಬಿರಿದು ರಕ್ತ ಬರತೊಡಗಿದಾಗ ಪಾರ್ಸೆಲ್ ಕೌಂಟರಿಗೆ ಹಾಕಿದರು. ಮೊದಲ ವಾರವೇ ಎಡವಟ್ಟು. ಕುರಿಮಾಂಸ, ಕ್ಯಾರೆಟ್ ಸೇರಿಸಿ ಬೇಯಿಸುವ ಪ್ಲೋವ್ ಎಂಬ ಅನ್ನವನ್ನು, ಬಿಸಿ ಆರಬಾರದೆಂದು ಬಿಗಿಯಾಗಿ ಮುಚ್ಚಿ ಕಳಿಸಿದರು. ಹಬೆ ನೀರಾಗಿ ಅನ್ನ ಮುದ್ದೆಯಾಯಿತು. ಅರ್ಧಕ್ಕರ್ಧ ವಾಪಸ್ ಬಂತು.

"ಮಾಸ್ಟರ್ ಬಯ್ಯಲೇ ಇಲ್ಲ. ಅದಕ್ಕೇ ಭಯ ಆಗಿದ್ದು," ಎನ್ನುತ್ತಾರೆ. ಮಾಸ್ಟರ್ ಎಂದರೆ ಉಜ್ಬೆಕ್ ನಾಡಿನಿಂದ ಬಂದ ಹಿರಿಯ ಬಾಣಸಿಗರು. ಪ್ಲೋವ್‌ಗೆ ಮರ್ಯಾದೆ ಇರುವುದು ತಟ್ಟೆಯಲ್ಲಿ, ತಿಂಗಳೊಳಗೆ ಇದು ಸರಿಹೋಗದಿದ್ದರೆ ಪಾರ್ಸೆಲ್ ಬಂದ್ ಎಂದು ಅವರು ಕಡ್ಡಿ ಮುರಿದಂತೆ ಹೇಳಿದರು. ಪಾರ್ಸೆಲ್ ನಿಂತರೆ ಡಬ್ಬಿ ಅಕ್ಕನಿಗೆ ಕೆಲಸವಿಲ್ಲ. ಆ ಕೈಯಲ್ಲಿ ಮತ್ತೆ ಪಾತ್ರೆ ತೊಳೆಯುವಂತೆಯೂ ಇರಲಿಲ್ಲ.

ಆ ತಿಂಗಳಿಡೀ ದಿನಕ್ಕೊಂದು ಡಬ್ಬಿಯನ್ನು ಬಸ್ಸಿನಲ್ಲಿ ಮನೆಗೆ ಒಯ್ದರು. ನಲವತ್ತು ನಿಮಿಷದ ದಾರಿ. ಪರೀಕ್ಷೆ ಮಾಡುವವರು ಅತ್ತೆ. "ಇವತ್ತೂ ಗಂಜಿನೇ ತಂದ್ಯೇನೇ ಅನ್ನೋರು. ಬಾಯಲ್ಲಿ ಒಂದೂ ಹಲ್ಲಿಲ್ಲ, ಮೆತ್ತಗಿದ್ರೆ ಅವರಿಗೇ ಒಳ್ಳೇದಲ್ವಾ? ಊಹೂಂ, ಬಿಡ್ತಿರಲಿಲ್ಲ!" ಅನ್ನ ಹಾಕಿ ನೂರು ಎಣಿಸುವವರೆಗೆ ತೆರೆದಿಡುವುದು, ಮುಚ್ಚಳದಡಿಗೆ ಒಣ ಕಾಗದ, ಮೇಲೆ ನಾಲ್ಕು ತೂತು. ಇದು ಕೈಗೆ ಸಿಕ್ಕಿದ್ದು ಇಪ್ಪತ್ತಮೂರನೇ ದಿನ. "ಅವತ್ತು ಅತ್ತೆ ತಟ್ಟೆ ಖಾಲಿ ಮಾಡಿದ್ರು. ಇನ್ನೊಂದು ಸಲ ಹಾಕಿಸಿಕೊಂಡ್ರು."

ಬಾಣಸಿಗರ ರಜೆಯ ದಿನ ಅವರ ಮನೆ ವಿಳಾಸಕ್ಕೇ ಒಂದು ಪಾರ್ಸೆಲ್ ಕಳಿಸಿಬಿಟ್ಟರು. ಒಂದು ಗಂಟೆಯ ನಂತರ ಕೌಂಟರಿನ ಫೋನು ಹೊಡೆದುಕೊಂಡಿತು. "ಇನ್ನೊಂದು ಕಳಿಸು ಅಂದ್ರು. ಅಷ್ಟೇ, ಇಟ್ಬಿಟ್ರು. ನಾನು ಅಲ್ಲೇ ಅತ್ತುಬಿಟ್ಟೆ."

ಈಗ ದಿನಕ್ಕೆ ನೂರಿಪ್ಪತ್ತು ಪಾರ್ಸೆಲ್. ನಿಮ್ಮ ಆಸೆ ಏನು ಎಂದು ಕೇಳಿದರೆ ನಗುತ್ತಾರೆ. "ಊರಿಗೆಲ್ಲ ಕಟ್ಟಿಕೊಡ್ತೀನಿ. ನಮ್ಮನೆ ಬಾಗಿಲಿಗೂ ಒಂದಿನ ಯಾರಾದ್ರೂ ಪಾರ್ಸೆಲ್ ತಂದುಕೊಡಲಿ ಅಂತಿತ್ತು. ಹೋದ ವಾರ ಅದೂ ಆಯ್ತು."

ಜ್ವರ ಬಂದು ಮಲಗಿದ್ದಾಗ ಬಾಗಿಲು ತಟ್ಟಿದ ಸದ್ದು. ಬಾಣಸಿಗರು ತಾವೇ ಕಟ್ಟಿ ಕಳಿಸಿದ ಪ್ಲೋವ್. ಬಿಸಿ ಆರದಿರಲೆಂದು ಮುಚ್ಚಳ ಬಿಗಿದು, ಸುತ್ತ ಟೇಪು ಬೇರೆ ಹಚ್ಚಿದ್ದರು.

"ಮುದ್ದೆಯೋ ಮುದ್ದೆ! ಒಂದಗುಳು ಬಿಡದೆ ತಿಂದೆ," ಎನ್ನುತ್ತಾ ದಬ್ಬಣ ಎತ್ತಿಕೊಳ್ಳುತ್ತಾರೆ. "ಜ್ವರ ಬಿಟ್ಟು ಬಂದವಳೇ ಮಾಸ್ಟರನ್ನ ಇದೇ ಸ್ಟೂಲ್ ಮೇಲೆ ಕೂರಿಸಿದೆ. ಮೊದಲು ನೂರು ಎಣಿಸಿ, ಆಮೇಲೆ ಮುಚ್ಚಿ ಅಂದೆ. ಎಣಿಸಿದ್ರು."