ಉದ್ದೇಶ ತಿಳಿಯದು

ಎಂಬತ್ತರ ದಶಕದ ಆರಂಭದಲ್ಲಿ ನಾನು ಮಂಗಳೂರಿನ ಒಂದು ಆಸ್ಪತ್ರೆಯ ದಾಖಲೆ ವಿಭಾಗದಲ್ಲಿದ್ದೆ. ಡಿಸ್ಚಾರ್ಜ್ ಆದವರ ಕೇಸ್ ಶೀಟುಗಳು ನನ್ನ ಮೇಜಿಗೆ ಬರುತ್ತಿದ್ದವು. ಡಾಕ್ಟರು ಬರೆದದ್ದನ್ನು ಓದಿ, ಒಂದು ದಪ್ಪ ಪುಸ್ತಕದಲ್ಲಿ ಹುಡುಕಿ, ಕಾಯಿಲೆಗೆ ತಕ್ಕ ಸಂಖ್ಯೆ ಹಾಕುವುದು ನನ್ನ ಕೆಲಸ. ಗಾಯವಾದರೆ ಅದು ಹೇಗಾಯಿತು ಎಂಬುದಕ್ಕೂ ಒಂದು ಸಂಖ್ಯೆ ಹಾಕಬೇಕು. ಕೋವಿಯ ಗಾಯ ಆಕಸ್ಮಿಕವೋ, ತಾನೇ ಮಾಡಿಕೊಂಡದ್ದೋ, ಇನ್ನೊಬ್ಬರು ಹೊಡೆದದ್ದೋ ಎಂಬುದರ ಮೇಲೆ ಸಂಖ್ಯೆ ಬೇರೆಯಾಗುತ್ತಿತ್ತು. ಯಾವುದೆಂದು ಹೇಳಲಾಗದಿದ್ದರೆ ಅದಕ್ಕೂ ಒಂದಿತ್ತು. ಅದನ್ನು ಹಾಕುವ ಪ್ರಸಂಗ ನನಗೆ ಅಲ್ಲಿಯವರೆಗೆ ಬಂದಿರಲಿಲ್ಲ.

ಅದನ್ನು ಹಾಕಬೇಕಾಗಿ ಬಂದ ರೋಗಿ ಕದ್ರಿ ಕಡೆಯವರು. ಭೂಮಸೂದೆಯಲ್ಲಿ ಗದ್ದೆ ಬಹುಪಾಲು ಒಕ್ಕಲುಗಳ ಪಾಲಾದಮೇಲೆ ಅಣ್ಣ ತಮ್ಮ ಸೇರಿ ಪೇಟೆಯಲ್ಲಿ ಹೋಟೆಲು ಮಾಡಿದ್ದರು. ಊರಿನ ಮನೆಯಲ್ಲಿ ಹಂದಿ ಓಡಿಸಲು ಲೈಸೆನ್ಸ್ ಇದ್ದ ಕೋವಿಯೊಂದು ಉಳಿದಿತ್ತು. ಅದರ ಗುಂಡು ತಮ್ಮನ, ಅಂದರೆ ಈ ರೋಗಿಯ, ಭುಜ ಹರಿದಿತ್ತು. ತಮ್ಮನೇ ಒರೆಸುವಾಗ ಕೈತಪ್ಪಿ ಸಿಡಿಯಿತು ಎಂದು ಅವರನ್ನು ಕರೆತಂದ ಅಣ್ಣನೇ ಕ್ಯಾಶುವಾಲ್ಟಿಯಲ್ಲಿ ಹೇಳಿದ್ದರು. ಆದರೆ ಆಪರೇಷನ್ ಮಾಡಿದ ಸರ್ಜನ್, ಗುಂಡು ಹಿಂದಿನಿಂದ ಹೊಕ್ಕಿದೆ ಎಂದು ಬರೆದಿದ್ದರು. ರೋಗಿ ಏನೂ ಹೇಳಿರಲಿಲ್ಲ. ನಾನು ‘ಉದ್ದೇಶ ತಿಳಿಯದು’ ಎಂಬ ಸಂಖ್ಯೆ ಹಾಕಿದೆ.

ಕೋವಿ ಪೊಲೀಸರ ವಶದಲ್ಲಿತ್ತು. ಬಿಡಿಸಿಕೊಳ್ಳಲೆಂದು ಅಣ್ಣ ಆಸ್ಪತ್ರೆಯ ಕಾಗದದ ನಕಲು ಪಡೆದರು. ಸಂಖ್ಯೆಯ ಅರ್ಥವನ್ನು ಯಾರೋ ಅವರ ಕಿವಿಗೆ ಹಾಕಿದ್ದರು. ನನ್ನ ಕೋಣೆಗೆ ಬಂದವರೇ, ಕೂತುಕೊಳ್ಳಿ ಎನ್ನುವ ಮೊದಲೇ ಕೂತರು.

“ಎಂತ ಮಾರಾಯ್ತಿ, ನಮ್ಮ ಮನೆಯ ವಿಷಯದಲ್ಲಿ ನಿನಗೆ ಎಂತ ಸಂಶಯ ಉಂಟು?”

ಏಕವಚನ ಕೇಳಿ ನನ್ನ ಮೈ ಉರಿಯಿತು. ಡಾಕ್ಟರು ಆಕಸ್ಮಿಕ ಎಂದು ಬರೆದು ಸಹಿ ಮಾಡಿದರೆ ನಾನು ಆ ಸಂಖ್ಯೆ ಹಾಕ್ತೇನೆ ಎಂದೆ. ಅವರು ನನ್ನ ಗಂಡ ಎಲ್ಲಿ ಕೆಲಸ ಮಾಡುವುದೆಂದು ವಿಚಾರಿಸಿ ಎದ್ದುಹೋದರು.

ಸಂಜೆಯೊಳಗೆ ಸೂಪರಿಂಟೆಂಡೆಂಟರು ಕರೆಸಿದರು. ಆ ಮನೆಯವರು ಆಸ್ಪತ್ರೆಗೆ ಬೇಕಾದವರು, ಒಂದು ಸಂಖ್ಯೆ ತಿದ್ದಿದರೆ ಕೈ ಸವೆಯುವುದಿಲ್ಲ ಎಂದರು. ನೀವೇ ತಿದ್ದಿ ಸಹಿ ಹಾಕಿ ಎಂದೆ. ಹಾಕಲಿಲ್ಲ. ಸರ್ಜನರನ್ನು ಕೇಳಿದರೆ, ಕಂಡದ್ದನ್ನು ಬರೆದಾಗಿದೆ, ಇನ್ನು ಬರೆಯುವುದಿಲ್ಲ ಎಂದರು. ಸುಳ್ಳು ಬೇಕಾದವರಿಗೆಲ್ಲ ಅದು ನನ್ನ ಅಕ್ಷರದಲ್ಲೇ ಬೇಕಿತ್ತು.

ಅದೇ ವಾರ ರೋಗಿಯ ಹೆಂಡತಿ ಬಂದರು. ಅವರಿಗೂ ನನ್ನ ಮೇಲೆ ಸಿಟ್ಟು. ತಿಳಿಯದು ಎಂದರೆ ಎಂತ, ಹೊಡೆದದ್ದು ಎಂದು ಬರೆಯಲಿಕ್ಕೆ ನಿಮಗೆ ಹೆದರಿಕೆಯಾ ಎಂದು ಕೇಳಿದರು. ನೀವು ಕಂಡಿದ್ದೀರಾ ಎಂದೆ. ಕಂಡಿರಲಿಲ್ಲ. ಹಾಗಾದರೆ ನಾನೂ ಕಾಣಲಿಲ್ಲ ಎಂದೆ, ಸ್ವಲ್ಪ ಒರಟಾಗಿಯೇ. ಅವರು ಸೆರಗು ಬಿಗಿದುಕೊಂಡು, ನನ್ನಂಥವಳಿಗೆ ಸಂಬಳ ಕೊಡುವವರನ್ನು ಬೈಯುತ್ತ ಹೋದರು.

ಕೆಲವು ತಿಂಗಳ ನಂತರ ಬಲ್ಮಠದಲ್ಲಿ ಬಸ್ಸಿಗೆ ಕಾಯುತ್ತಿದ್ದಾಗ ಒಬ್ಬರು ಹತ್ತಿರ ಬಂದು ನಿಂತರು. ಎಡಗೈ ಮೇಲಕ್ಕೆ ಏಳುತ್ತಿರಲಿಲ್ಲ. ಗುಂಡು ತಾಗಿದವನು ನಾನೇ ಎಂದರು. ಫಿಸಿಯೋಥೆರಪಿಗೆ ಬರುವಾಗ ಯಾರೋ ನನ್ನನ್ನು ತೋರಿಸಿದ್ದರಂತೆ.

“ಗೊತ್ತಿಲ್ಲ ಅಂತ ಬರೆದದ್ದು ನೀವಲ್ವಾ? ಹೇಗಾದದ್ದು ಅಂತ ನನಗೆ ಗೊತ್ತುಂಟು. ಡಾಕ್ಟರು ಕೇಳಿದ್ರು, ಪೊಲೀಸರು ಕೇಳಿದ್ರು. ಕೇಳುವಾಗೆಲ್ಲ ಅಣ್ಣ ನನ್ನ ತಲೆಯ ಹತ್ತಿರವೇ ನಿಂತಿದ್ರು. ನೀವು ಸ್ವಲ್ಪ ಹೊರಗೆ ಹೋಗಿ ಅಂತ ಅವರಿಗೆ ಒಬ್ಬರೂ ಹೇಳಲಿಲ್ಲ.”

ಈಗಲಾದರೂ ಸರ್ಜನರ ಹತ್ತಿರ ಹೇಳಿ, ನಾನು ಜೊತೆಗೆ ಬರ್ತೇನೆ ಎಂದೆ. ಅವರು ದಡ್ಡಿಯನ್ನು ನೋಡುವಂತೆ ನನ್ನನ್ನು ನೋಡಿದರು. ಮಗಳ ಮದುವೆ ಮಾತುಕತೆ ಅಣ್ಣನೇ ನಡೆಸುತ್ತಿದ್ದಾರೆ, ಹೋಟೆಲೂ ಅವರ ಹೆಸರಿನಲ್ಲಿದೆ ಎಂದರು. ನೀವೆಲ್ಲ ಸಂಖ್ಯೆ ಹಾಕಿ ಮನೆಗೆ ಹೋಗ್ತೀರಿ, ನಾನು ಹೋಗಬೇಕಾದದ್ದು ಆ ಮನೆಗೆ ಎಂದವರು ರಸ್ತೆ ದಾಟಿಹೋದರು.

ಮರುದಿನ ಸರ್ಜನರಿಗೆ ಇದನ್ನು ಹೇಳಿದೆ. ಅವರು ತಲೆ ಎತ್ತದೆ ಕೇಳಿಸಿಕೊಂಡರು. ಮುಂದೆ ಅವರ ವಾರ್ಡಿನಲ್ಲಿ ಹೇಳಿಕೆ ಪಡೆಯುವಾಗ ಬಂಧುಗಳನ್ನು ವರಾಂಡಕ್ಕೆ ಕಳುಹಿಸುವ ರೂಢಿಯಾಯಿತು. ಅದಕ್ಕೂ ಜಗಳಗಳಾದವು. ನನ್ನ ಸಂಖ್ಯೆ ಹಾಗೆಯೇ ಉಳಿಯಿತು. ಸೂಪರಿಂಟೆಂಡೆಂಟರು ನಿವೃತ್ತರಾಗುವವರೆಗೂ ನನ್ನೊಡನೆ ನೇರ ಮಾತಾಡಲಿಲ್ಲ. ಏನಿದ್ದರೂ ಜವಾನನ ಕೈಯಲ್ಲಿ ಹೇಳಿ ಕಳಿಸುತ್ತಿದ್ದರು. ನಾನೂ ಹಾಗೆಯೇ ಉತ್ತರ ಕಳಿಸುತ್ತಿದ್ದೆ.