ತಂಪು ಬಿದ್ದ ಮೇಲೆ

ಬಳ್ಳಾರಿಯಲ್ಲಿ ಬೇಸಿಗೆಯ ಗುಡುಗು ಮಳೆ ಬಂದು ಹೋದ ಮೇಲೆ ಕೆಲವು ದಿನ ತಂಪಾಗಿರುತ್ತದೆ. ಮಳೆ ಮತ್ತೆ ಬರುವುದಿಲ್ಲ. ಪಡುವಲ ಗಾಳಿ ಬೀಸುತ್ತದೆ, ಆಕಾಶ ತೊಳೆದಂತಿರುತ್ತದೆ, ಒದ್ದೆಯಾದ ನೆಲ ಬೇಗ ಒಣಗುತ್ತದೆ. ಜನ ಕಟ್ಟೆಯ ಮೇಲೆ ಕುಳಿತು, "ಹಾಯ್ ಅನಿಸ್ತು ನೋಡ್ರಿ" ಎನ್ನುತ್ತಾರೆ. ನಾನೂ ಹೌದೆನ್ನುತ್ತೇನೆ. ಹೌದೆಂದು ಒಳಗೆ ಬಂದು ಬಾಗಿಲು ಮುಂದೆ ಮಾಡಿಕೊಳ್ಳುತ್ತೇನೆ. ನನ್ನ ಹೆಂಡತಿ ತೀರಿಕೊಂಡದ್ದು ಅಂಥ ಒಂದು ದಿನ. ಆ ತಂಪಿಗಾಗಿ ನಾನು ಕಾದಷ್ಟು ಆ ವರ್ಷ ಊರಲ್ಲಿ ಬೇರೆ ಯಾರೂ ಕಾದಿರಲಿಕ್ಕಿಲ್ಲ.

ನನ್ನ ಊರು ಸಿರುಗುಪ್ಪ, ಅವಳದು ಕುರುಗೋಡು. ಬಳ್ಳಾರಿಯ ಸಣ್ಣ ಸಾಲೆಯೊಂದರಲ್ಲಿ ನನಗೆ ಮಾಸ್ತರಿಕೆ ಸಿಕ್ಕಿದ್ದರಿಂದ ಕೋಟೆಗುಡ್ಡದ ಕೆಳಗಿನ ಓಣಿಯಲ್ಲಿ ಒಂದು ಮಣ್ಣಿನ ಮಾಳಿಗೆಯ ಮನೆ ಬಾಡಿಗೆಗೆ ಹಿಡಿದಿದ್ದೆವು. ಹಗಲೆಲ್ಲ ಕಾದ ಗುಡ್ಡ ಸಂಜೆಯಾದ ಮೇಲೆ ಶಾಖ ಬಿಡುತ್ತಿತ್ತು. "ನಿಮ್ಮೂರಾಗ ಹೊಳಿ ಐತಿ, ನಮ್ಮೂರಾಗ ಬಾವಿ ಅದಾವ. ಇಲ್ಲಿ ಬರೇ ಕಲ್ಲು. ಯಾವ ಪುಣ್ಯಾತ್ಮ ಇಲ್ಲಿ ಊರು ಕಟ್ಟಿದ್ನೋ" ಎಂದು ಅವಳು ಬೀಸಣಿಗೆ ಹಿಡಿದು ಗೊಣಗುತ್ತಿದ್ದಳು. ನಮಗೆ ಮಕ್ಕಳಿರಲಿಲ್ಲ. ಅವಳ ಗೊಣಗಾಟವೇ ಮನೆಯ ಸದ್ದು.

ಆ ವರ್ಷದ ಯುಗಾದಿಗೆ ಗುಡಿಯಲ್ಲಿ ಪಂಚಾಂಗ ಓದಿದವರು, ವೈಶಾಖದಲ್ಲಿ ಬಿರುಗಾಳಿ ಸಹಿತ ಮಳೆ, ಅದರ ಹಿಂದೆ ತಂಪು, ಆಮೇಲೆ ಮಳೆಗೆ ತಡೆ ಎಂದು ಹೇಳಿದ್ದರು. ಮನೆಗೆ ಬರುವ ದಾರಿಯಲ್ಲಿ ಅವಳು ನಕ್ಕಳು. "ಹೋದ ವರ್ಷಾನೂ ಇದನ್ನ ಹೇಳಿದ್ರು. ಬಿರುಗಾಳಿ ನಮಗ ಬಂತು, ಮಳಿ ನಿಮ್ಮೂರಿಗೆ ಹೋತು." ನಾನು ಆಗ ಆ ಮಾತನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಲಿಲ್ಲ. ಚೈತ್ರ ಮುಗಿಯುವ ಮೊದಲೇ ಅವಳಿಗೆ ಜ್ವರ ಹತ್ತಿತು. ಹತ್ತಿದ್ದು ಬಿಡಲಿಲ್ಲ.

ಔಷಧಕ್ಕೆ ಬಂದವರು ವಯಸ್ಸಾದ ಒಬ್ಬ ಹಕೀಮರು. ನಾಡಿ ಹಿಡಿದು, ಮಾಳಿಗೆಯನ್ನು ಒಮ್ಮೆ ನೋಡಿ, "ಮಾಸ್ತರ್ ಸಾಬ್, ಒಳಗಿನ ಬಿಸಿಗೆ ನನ್ನ ಕಡೆ ದವಾ ಐತಿ. ಹೊರಗಿನ ಬಿಸಿಗೆ ನಾನೇನ್ ಮಾಡ್ಲಿ? ಒಂದು ಮಳಿ ಬಿದ್ದು ತಂಪಾದ್ರ ಜ್ವರ ಇಳೀತೈತಿ. ಅಲ್ಲೀತನಕ ಹಿಡ್ಕೊಂಡು ಹೋಗಬೇಕು" ಎಂದರು.

ಅಂದಿನಿಂದ ನನಗೆ ಪಂಚಾಂಗದ ಮಾತು ನೆನಪಾಗತೊಡಗಿತು. ಪೌಜು ಇರುವ ದಂಡಿನ ಕಡೆ ಇಂಗ್ಲಿಷ್ ದೊರೆಗಳ ಬಂಗಲೆಗಳಿಗೆ ಲಾವಂಚದ ತಟ್ಟಿ ಕಟ್ಟಿ ನೀರು ಹೊಡೆಯುತ್ತಾರೆಂದು ಕೇಳಿದ್ದೆ. ನಾನು ಬಾಗಿಲಿಗೆ ಒದ್ದೆ ಧೋತರ ಕಟ್ಟಿದೆ. ತುಸು ಹೊತ್ತಿನಲ್ಲೇ ಅದು ಒಣಗಿ ಹಪ್ಪಳದಂತಾಗುತ್ತಿತ್ತು. ಮತ್ತೆ ತೋಯಿಸಿ ಕಟ್ಟುತ್ತಿದ್ದೆ.

ಬೆಳಗ್ಗೆ ಸಾಲೆಗೆ ಹೋಗುವ ಮೊದಲು ಪೇಟೆಯ ಹೊರಗೆ ಬಂಡಿ ಬಿಡುವ ಬಯಲಿಗೆ ಹೋಗುತ್ತಿದ್ದೆ. ಸಿರುಗುಪ್ಪದ ಬಂಡಿಗಳು ಅಕ್ಕಿ ತರುತ್ತಿದ್ದವು, ಕುರುಗೋಡಿನವು ಜೋಳ, ಹತ್ತಿ. ಎಲ್ಲೆಲ್ಲಿ ಮೋಡ ಕಟ್ಟಿತು, ಎಲ್ಲಿ ಹನಿ ಬಿತ್ತು ಎಂಬುದನ್ನು ತಿಳಿಯಲು ನಮಗೆ ಅವರಿಗಿಂತ ಬೇರೆ ದಾರಿ ಇರಲಿಲ್ಲ.

"ಹೊಳಿ ಕಡೆ ಮೋಡ ಆಗಿತ್ತೇನು?" ಎಂದು ಸಿರುಗುಪ್ಪದವನನ್ನು ಕೇಳಿದೆ.

"ಆಗಿತ್ರಿ. ನಮ್ಮ ಮಾರಿ ನೋಡಿ ನಾಚಿ ಹೋತು" ಎಂದ.

ಕುರುಗೋಡಿನ ಮುದುಕ ಬಂಡಿಯವನೊಬ್ಬ ಎತ್ತಿಗೆ ಮೇವು ಹಾಕುತ್ತಲೇ ಗಟ್ಟಿಯಾಗಿ ಹೇಳಿದ: "ಏನ್ರಿ ಮಾಸ್ತರ, ದಿನಾ ಬಂದು ಮಳಿ ಎಲ್ಲೈತಿ ಅಂತ ಕೇಳ್ತೀರಿ! ಅದರ ಹೆಸರು ಸಾಲಿಗೆ ಹಚ್ಚೀರೇನು? ಹಾಜರಿ ಇಲ್ಲಂತ ಛಡಿ ತಗೊಂಡು ಹೊಂಟಂಗ ಐತಿ!"

ಬಯಲೆಲ್ಲ ನಕ್ಕಿತು. ನಾನೂ ನಕ್ಕೆ. ಆಮೇಲೆ ಯಾರೋ ಅವನಿಗೆ ಸಂಗತಿ ಹೇಳಿರಬೇಕು. ಮುಂದಿನ ಸಲ ಬಂದಾಗ ನಾನು ಕೇಳುವ ಮೊದಲೇ ಬಂಡಿಯಿಂದ ಇಳಿದು ಬಂದ. "ನಿನ್ನೆ ಹೊತ್ತು ಮುಣುಗೋ ಮುಂದ ನಮ್ಮೂರಾಗ ಧೂಳಿ ಎದ್ದಿತ್ರಿ. ನಾಕು ಹನೀನೂ ಬಿತ್ತು. ಇಲ್ಲಿಗೂ ಬರತೈತಿ. ನಮ್ಮ ತಂಗೆವ್ವಗ ಹೇಳ್ರಿ" ಎಂದ. ಅವನ ಕೈಯಲ್ಲೇ ಅವಳ ತಾಯಿಗೆ ಸುದ್ದಿ ಕಳಿಸಿದೆ. ಅವನ ಬಂಡಿಯಲ್ಲೇ ಅವರು ಬಂದಿಳಿದರು.

ನಮ್ಮ ಮನೆತನಗಳಲ್ಲಿ ಅತ್ತೆ ಅಳಿಯನ ಜೊತೆ ನೇರವಾಗಿ ಮಾತಾಡುವುದಿಲ್ಲ. ಅವಳ ತಾಯಿ ಬಾಗಿಲ ಹಿಂದೆ ನಿಂತು, ಸೆರಗು ಮುಂದೆಳೆದು, ಮಗಳಿಗೆ ಹೇಳುವರು. ಮಗಳು ನನಗೆ ಹೇಳಬೇಕು. ನಾನು ಒಮ್ಮೆ ಕೇಳಿಸಿಕೊಂಡದ್ದನ್ನೇ ಎರಡನೆಯ ಸಲ ಕೇಳಿಸಿಕೊಂಡು ಉತ್ತರವನ್ನು ಮಗಳಿಗೆ ಕೊಡಬೇಕು. ಮೊದಲೆಲ್ಲ ಅವಳು ಇದನ್ನೇ ಒಂದು ಆಟ ಮಾಡಿಕೊಂಡಿದ್ದಳು. "ಉಂಡ್ರೇನು ಕೇಳವ್ವ" ಎಂದು ಬಾಗಿಲ ಹಿಂದಿನಿಂದ ಬಂದರೆ, ಅವಳು ನನ್ನ ಕಡೆ ತಿರುಗಿ, "ನಿಮ್ಮ ಮಾರಿ ಬಾಡೇತಂತ. ಸಾಲಿ ಮಕ್ಕಳು ಹೊಡದಾರೇನು ಅಂತ ಕೇಳ್ತಾಳ ನಮ್ಮವ್ವ" ಎನ್ನುವಳು. "ಏ, ನಾ ಎಲ್ಲಿ ಹಂಗಂದ್ನೆ!" ಎಂದು ಬಾಗಿಲು ಹೌಹಾರುತ್ತಿತ್ತು. ನಾನು ನಗು ತಡೆದುಕೊಂಡು, "ಹೊಡದಿಲ್ಲ ಅಂತ ಹೇಳು" ಎನ್ನುತ್ತಿದ್ದೆ.

ಈ ಸಲ ತಾಯಿ ಹೇಳಿದ್ದಕ್ಕೆ ಅವಳು ಕಣ್ಣು ಮುಚ್ಚಿಕೊಂಡೇ ಬರೀ ತುಟಿ ಆಡಿಸುತ್ತಿದ್ದಳು. ದನಿ ಬರುತ್ತಿರಲಿಲ್ಲ. ನಾನು ಆ ತುಟಿ ಅಲುಗುವತನಕ ಕಾದು, ಆಮೇಲೆ ಉತ್ತರ ಹೇಳುತ್ತಿದ್ದೆ. ಹಾಗೆ ಮಾಡೆಂದು ನನಗೆ ಯಾರೂ ಹೇಳಿರಲಿಲ್ಲ.

ತಾಯಿ ಒಂದು ಸಣ್ಣ ಗಡಿಗೆ ತಂದಿದ್ದರು. ಬಾಯಿಗೆ ಬಟ್ಟೆ ಕಟ್ಟಿತ್ತು. ಅದರಲ್ಲಿ ಹೋದ ವರ್ಷದ ಆಣೆಕಲ್ಲು ಕರಗಿದ ನೀರು. ಅವರ ಮನೆಯಲ್ಲಿ ಆಣೆಕಲ್ಲು ಬಿದ್ದಾಗ ಅದನ್ನು ಹಿಡಿದು ಕಾಯ್ದಿಡುತ್ತಾರೆ. ಸುಟ್ಟ ಗಾಯಕ್ಕೆ, ಬೆವರುಸಾಲೆಗೆ, ಜ್ವರದ ಹಣೆಗೆ ಹಚ್ಚುತ್ತಾರೆ. ನೆಲ ಮುಟ್ಟುವ ಮೊದಲೇ ಬಟ್ಟೆಯಲ್ಲಿ ಹಿಡಿಯಬೇಕು, ಕೇಳಿ ಬಂದವರಿಗೆ ಇಲ್ಲ ಎನ್ನಬಾರದು, ಇಷ್ಟೇ ಅದರ ಕಟ್ಟಳೆ. ತಾಯಿ ಅದರಲ್ಲಿ ಅರಿವೆ ಅದ್ದಿ ಹಣೆಗೆ ಇಡುತ್ತಿದ್ದರು. ಉಳಿದದ್ದೇ ಸ್ವಲ್ಪ. ಮಳೆಗೆ ಮೊದಲೇ ಅದು ಮುಗಿಯಿತು.

ಮಳೆ ಬಂದದ್ದು ಮಧ್ಯಾಹ್ನ, ಸಾಲೆ ಬಿಡುವ ಹೊತ್ತಿಗೆ. ಪಡುವಲಿಂದ ಕೆಂಧೂಳಿ ಎದ್ದು ಹಗಲೇ ಕತ್ತಲಾಯಿತು. ನಾನು ಓಡುತ್ತ ಮನೆಗೆ ಬಂದು, ಮಾಳಿಗೆ ಹತ್ತಿ ಬೆಳಕಿಂಡಿಗೆ ಹಂಚು ಮುಚ್ಚಿ ಇಳಿಯುವಷ್ಟರಲ್ಲಿ ಗುಡುಗಿತು. ಮೊದಲು ದಪ್ಪ ಹನಿ. ಆಮೇಲೆ ಮಾಳಿಗೆಯ ಮೇಲೆ ಯಾರೋ ಹುಣಸೆ ಬೀಜ ಸುರಿದ ಸದ್ದು. ಅವಳು ಕಣ್ಣು ಬಿಟ್ಟಳು.

"ಆಣಿಕಲ್ಲು" ಎಂದಳು. ಎಷ್ಟೋ ದಿನದ ಮೇಲೆ ಕೇಳಿದ ದನಿ.

ನಾನು ಅಂಗಳಕ್ಕೆ ಹಾರಿ, ಬಗ್ಗಿ, ಕೈತುಂಬ ಆರಿಸಿ, ಬೋಗುಣಿಯಲ್ಲಿ ಹಾಕಿ ತಂದು ಅವಳ ಮುಂದೆ ಹಿಡಿದೆ. ಅವಳು ಬೋಗುಣಿ ನೋಡಿದಳು, ನನ್ನ ಮಣ್ಣುಗೈ ನೋಡಿದಳು. ನಕ್ಕಳು. "ಅವ್ವಾ, ಇವರು ನೆಲದಾಗಿಂದ ಆರಿಸ್ಕೊಂಡು ಬಂದಾರ ನೋಡ. ಬಾರಿಹಣ್ಣು ಅಂತ ತಿಳದಾರ."

"ಧೋತರ ಹಿಡೀರಿ ಅಂತ ಹೇಳವ್ವ, ಲಗೂನ! ನಿಂತ್ಬಿಡತೈತಿ!" ಎಂದು ಬಾಗಿಲ ಹಿಂದಿನಿಂದ ದನಿ ಬಂತು.

ಬಾಗಿಲಿಗೆ ಕಟ್ಟಿದ್ದ ಧೋತರ ಬಿಚ್ಚಿ ಅಂಗಳಕ್ಕೆ ಓಡಿದೆ. ಒಬ್ಬನ ಕೈಯಲ್ಲಿ ಅದು ಗಾಳಿಗೆ ಮುಖಕ್ಕೇ ಬಡಿಯುತ್ತಿತ್ತು. ಆಗ ಅತ್ತೆ ಹೊರಗೆ ಬಂದು, ಮುಖ ಗೋಡೆಯ ಕಡೆ ತಿರುಗಿಸಿ, ಇನ್ನೊಂದು ತುದಿ ಹಿಡಿದರು. ನನ್ನ ಮುಂದೆ ಅವರು ಹಾಗೆ ಬಯಲಲ್ಲಿ ನಿಂತದ್ದು ಅದೇ ಮೊದಲು. ಕಲ್ಲುಗಳು ಧೋತರದ ನಡುವೆ ಬಂದು ಗುಂಪಾದವು. ಒಳಗಿನಿಂದ ಅವಳು, "ಸಿಕ್ಕಾವೇನು? ಸಿಕ್ಕಾವೇನು?" ಎಂದು ಕೇಳುತ್ತಲೇ ಇದ್ದಳು. ಯಾರನ್ನು ಕೇಳುತ್ತಿದ್ದಳೋ, ನಾವಿಬ್ಬರೂ ಒಟ್ಟಿಗೆ "ಹೂಂ" ಎಂದೆವು.

ಮರುದಿನದಿಂದ ತಂಪು. ಪಂಚಾಂಗದಲ್ಲಿ ಹೇಳಿದ ಹಾಗೇ ಆಯಿತು. ಜ್ವರವೂ ಇಳಿಯಿತು. ಹಕೀಮರು ನಾಡಿ ನೋಡಿ, "ನಾನು ಅಂದಿದ್ದೆ ಅಲ್ಲ?" ಎಂದು ಗಡ್ಡ ಸವರಿಕೊಂಡರು. ಅವಳು ಜೋಳದ ಅಂಬಲಿ ಕುಡಿದಳು. ತಾಯಿಯ ಕೈಯಲ್ಲಿ ತಲೆ ಬಾಚಿಸಿಕೊಂಡಳು. ಗೋಡೆಗೆ ಒರಗಿ ಬಾಗಿಲಲ್ಲಿ ಕುಳಿತು ಓಣಿ ನೋಡಿದಳು. ಗಾಳಿಗೆ ಅವಳ ಮುಂಗೂದಲು ಹಾರುತ್ತಿತ್ತು. ಆಣೆಕಲ್ಲು ಕರಗಿದ ನೀರನ್ನು ತಾಯಿ ಅದೇ ಗಡಿಗೆಗೆ ತುಂಬಿಟ್ಟಿದ್ದರು. "ಆ ನೀರು ಯಾರರ ಕೇಳಿದ್ರ ಇಲ್ಲ ಅನಬ್ಯಾಡ್ರಿ. ನಿಮ್ಮದು ಸ್ವಲ್ಪ ಜಿಪುಣ ಕೈ" ಎಂದಳು ನನಗೆ. ನಾನು ಬಯಲಿಗೆ ಹೋಗಿ ಮುದುಕ ಬಂಡಿಯವನಿಗೆ ಸುದ್ದಿ ಹೇಳಿದೆ. "ನಮ್ಮೂರಾಗೂ ತಂಪಾತ್ರಿ. ಇನ್ನ ಮಳಿ ಇಲ್ಲ, ಬರೇ ಗಾಳಿ. ಆರಾಮ ಆಗ್ತಾಳ ಬಿಡ್ರಿ" ಎಂದ. ಸಿರುಗುಪ್ಪದವನಿಂದ ಒಂದಿಷ್ಟು ಸಣ್ಣಕ್ಕಿ ಕೊಂಡೆ, ಮೆತ್ತಗೆ ಅನ್ನ ಮಾಡಿ ಹಾಕಬಹುದೆಂದು.

ಆ ಅಕ್ಕಿಯ ಗಂಟು ಬಿಚ್ಚಲಿಲ್ಲ. ಮರುದಿನ ಬೆಳಗಿನ ಜಾವ ಅವಳಿಗೆ ಹೊಟ್ಟೆನೋವು ಎದ್ದಿತು. ಹೊತ್ತು ಏರುವಷ್ಟರಲ್ಲಿ ಮಾತು ನಿಂತಿತು. ಕೈ ಮುಟ್ಟಿದೆ, ತಣ್ಣಗಿತ್ತು. ಕಾಲು ಮುಟ್ಟಿದೆ, ತಣ್ಣಗಿತ್ತು. ಹೊರಗೆ ಕಟ್ಟೆಯ ಮೇಲೆ ಪಕ್ಕದ ಮನೆಯ ತೆಲುಗು ಹೆಣ್ಣುಮಗಳು ಯಾರಿಗೋ, "ಎಂತ ಚಲ್ಲಗಾ ಉಂದಮ್ಮಾ" ಎನ್ನುತ್ತಿದ್ದಳು, ಎಷ್ಟು ತಂಪಾಗಿದೆಯಮ್ಮ ಎಂದು. ಪಾಪ, ಅವಳಿಗೆ ಒಳಗಿನದು ಗೊತ್ತಿರಲಿಲ್ಲ.

"ಹಕೀಮರನ್ನ ಕರೀರಿ ಅಂತ ಹೇಳವ್ವ" ಎಂದರು ತಾಯಿ.

ನಾನು ಅವಳ ತುಟಿ ನೋಡಿದೆ. ಅಲುಗಲಿಲ್ಲ. ಎದ್ದು ಓಡಿದೆ.

ಹಕೀಮರ ಜೊತೆ ತಿರುಗಿ ಬಂದಾಗ ಬಾಗಿಲ ಹಿಂದೆ ಯಾರೂ ನಿಂತಿರಲಿಲ್ಲ. ತಾಯಿ ಮಗಳ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ನಡುಮನೆಯಲ್ಲಿ ಕುಳಿತಿದ್ದರು. ಸೆರಗು ಮುಂದೆಳೆದುಕೊಳ್ಳಲಿಲ್ಲ.

ಮುಂದಿನ ಕೆಲಸಗಳೆಲ್ಲ ಮುಗಿಯುವತನಕ ಅವರು ಇದ್ದರು. ನಮ್ಮ ನಡುವೆ ಮಾತು ದಾಟಿಸುವವರು ಇರಲಿಲ್ಲ. ಊಟಕ್ಕೆ ಇಟ್ಟಾಗ ತಟ್ಟೆಯನ್ನು ನೆಲಕ್ಕೆ ಸ್ವಲ್ಪ ಗಟ್ಟಿಯಾಗಿ ಇಡುತ್ತಿದ್ದರು, ನಾನು ಹೋಗಿ ಕೂಡುತ್ತಿದ್ದೆ. ನಾನು ನೀರು ತಂದರೆ ಕೊಡವನ್ನು ಬಾಗಿಲಲ್ಲಿ ಇಟ್ಟು ಕೆಮ್ಮುತ್ತಿದ್ದೆ, ಅವರು ಒಯ್ಯುತ್ತಿದ್ದರು. ಹೇಳಬೇಕಾದ್ದು ಇಬ್ಬರ ಹತ್ತಿರವೂ ಇತ್ತು. ಹೊರಡುವ ದಿನ ಬಂಡಿಯ ಹತ್ತಿರ ನಿಂತು, ಪಕ್ಕದ ಮನೆಯವಳಿಗೆ, "ಆ ನೀರು ಒಲಿ ಹತ್ರ ಇಡಬ್ಯಾಡ್ರಿ ಅಂತ ಹೇಳವ್ವ ಅವರಿಗೆ" ಎಂದರು. ಪಕ್ಕದ ಮನೆಯವಳು ನನ್ನ ಕಡೆ ತಿರುಗಿ, "ಆ ನೀರು ಒಲಿ ಹತ್ರ ಇಡಬ್ಯಾಡಂತ್ರಿ" ಎಂದಳು. ಒಂದು ಅಕ್ಷರವನ್ನೂ ತಿರುಚಲಿಲ್ಲ. ಬಂಡಿ ಓಣಿ ತಿರುಗುವ ಮೊದಲೇ ನಾನು ಒಳಗೆ ಬಂದುಬಿಟ್ಟೆ.

ಆ ಗಡಿಗೆ ದೇವರ ಗೂಡಿನ ಕೆಳಗೆ ಇತ್ತು. ಓಣಿಯವರಿಗೆ ಅದು ಹೇಗೋ ಗೊತ್ತಾಗಿ, ಕೂಸಿನ ಬೆವರುಸಾಲೆಗೆ, ಕಣ್ಣುರಿಗೆ ಎಂದು ಬಂದು ಕೇಳುತ್ತಿದ್ದರು. ಕೊಡಲು ಪ್ರತಿ ಸಲವೂ ನನ್ನ ಕೈ ಹಿಂದೆಗೆಯುತ್ತಿತ್ತು. ಅವಳು ನಗುತ್ತ "ಸಿಕ್ಕಾವೇನು" ಎಂದು ಕೇಳಿದ ಮಧ್ಯಾಹ್ನದಿಂದ ನನ್ನ ಹತ್ತಿರ ಉಳಿದದ್ದು ಅದೊಂದೇ. ಆದರೂ ಕೊಟ್ಟೆ. ಮುಂದಿನ ಯುಗಾದಿಯ ಹೊತ್ತಿಗೆ ಪಕ್ಕದ ಮನೆಯ ಸೊಸೆ ಗಂಜಿ ಬಸಿಯುವಾಗ ಕೈ ಸುಟ್ಟುಕೊಂಡಳು. ಗಡಿಗೆ ಬಗ್ಗಿಸಿ ತಳದಲ್ಲಿದ್ದದ್ದನ್ನೆಲ್ಲ ಅವಳ ಬಟ್ಟಲಿಗೆ ಸುರಿದೆ. ಗಡಿಗೆಯನ್ನು ತೊಳೆಯಲಿಲ್ಲ. ಬಾಯಿಗೆ ಬಟ್ಟೆ ಕಟ್ಟಿ ಅಲ್ಲೇ ಇಟ್ಟೆ.

ವೈಶಾಖದಲ್ಲಿ ಅದೇ ಮುದುಕನ ಬಂಡಿಯಲ್ಲಿ ಅತ್ತೆ ಬಂದರು. ಕರೆದಿರಲಿಲ್ಲ, ಬರುತ್ತೇನೆಂದು ಹೇಳಿಯೂ ಕಳಿಸಿರಲಿಲ್ಲ. ಗಡಿಗೆಯನ್ನು ಎತ್ತಿ ನೋಡಿದರು, ಇಳಿಸಿದರು. ಒಲೆ ಹಚ್ಚಿದರು. ಮಧ್ಯಾಹ್ನ ಕೆಂಧೂಳಿ ಎದ್ದಿತು. ನಾನು ಬೆಳಕಿಂಡಿ ಮುಚ್ಚಿ ಇಳಿದು ಬಂದಾಗ ಅವರು ಅಂಗಳದ ಬಾಗಿಲಲ್ಲಿ ನಿಂತು ಆಕಾಶ ನೋಡುತ್ತಿದ್ದರು. ನಾನು ಧೋತರ ತಂದೆ. ಅವರು ಬಂದು ಇನ್ನೊಂದು ತುದಿ ಹಿಡಿದರು.

ಗುಡುಗಿತು. ಹನಿ ಬಿತ್ತು, ಮಳೆ ಬಿತ್ತು. ಬರೀ ಮಳೆ. ಧೋತರ ತೊಯ್ದು ನಡುವೆ ಜೋತು ಭಾರವಾಯಿತು. ಇಬ್ಬರೂ ಬಿಡಲಿಲ್ಲ. ಮಳೆ ಸಣ್ಣಗಾಗುವತನಕ ಹಾಗೇ ನಿಂತಿದ್ದೆವು. ಅವರ ಸೆರಗು ಹೆಗಲಿಗೆ ಇಳಿದು ತಲೆಯೆಲ್ಲ ತೊಯ್ದಿತ್ತು. ಆ ಒಂದು ವರ್ಷದಲ್ಲಿ ಕೂದಲು ಪೂರ್ತಿ ಬೆಳ್ಳಗಾಗಿತ್ತು.

"ಈ ಸಲ ಇಲ್ಲ. ಸಾಕು ಬಿಡ್ರಿ ಅಂತ ಹೇಳವ್ವ" ಎಂದರು.

ಹೇಳಿ, ಒಳಗಿನ ಬಾಗಿಲ ಕಡೆ ನೋಡಿದರು. ನಾನೂ ಅತ್ತಲೇ ನೋಡಿದೆ.

ಸ್ವಲ್ಪ ಹೊತ್ತಿನ ಮೇಲೆ ಅವರು ನನ್ನ ಮುಖ ನೋಡಿ, "ಸಾಕು ಬಿಡ್ರಿ" ಎಂದರು.

ಇಬ್ಬರೂ ಒಂದೊಂದು ತುದಿಯಿಂದ ಧೋತರ ಹಿಂಡಿದೆವು. ನೀರು ಅಂಗಳದ ಮಣ್ಣಿಗೆ ಸುರಿಯಿತು. ಅದನ್ನು ಹಗ್ಗಕ್ಕೆ ಹಾಕುತ್ತ ಅವರು, "ನಾಳಿಂದ ತಂಪಾಗತೈತ್ರಿ" ಎಂದರು.

"ಹೌದ್ರಿ ಅತ್ತಿ" ಎಂದೆ.