ಮದರ್‌ಬೋರ್ಡಿಗೆ ಅಕ್ಷತೆ

ಬೆಳಿಗ್ಗೆಯಿಂದ ನನ್ನ ಫೋನು ಚಾರ್ಜ್ ಆಗುತ್ತಿಲ್ಲ. ವೈರು ಬದಲಿಸಿದೆ, ಪ್ಲಗ್ಗು ಬದಲಿಸಿದೆ, ಸೆರಗಿನಿಂದ ಒರೆಸಿದೆ, ಯಾರೂ ನೋಡದಿರುವಾಗ ಮೆಲ್ಲಗೆ ಒಂದು ಪೆಟ್ಟೂ ಕೊಟ್ಟೆ. ವೈರಿನ ತುದಿ ಅರ್ಧ ಒಳಗೆ ಹೋಗಿ ನಿಲ್ಲುತ್ತದೆ. ಒಳಗೆ ಏನೋ ಸಿಕ್ಕಿಕೊಂಡಿರಬೇಕು. ಹೊಲಿಗೆ ಡಬ್ಬಿ ತಡಕಾಡಿದಾಗ ಹುಬ್ಬಿನ ಕೂದಲು ಕೀಳುವ ಹಳೆಯ ಚಿಮಟ ಕೈಗೆ ಸಿಕ್ಕಿತು. ಇದನ್ನು ಹುಬ್ಬಿಗಂತೂ ನಾನು ಬಳಸಿದ್ದೇ ಕಡಿಮೆ. ಇದರ ದೊಡ್ಡ ಸಾಧನೆ ಬೇರೆಯೇ ಇದೆ. ಚಹಾಕ್ಕೆ ಇಟ್ಟಿದ್ದೇನೆ, ನೀವೂ ಕೂತುಕೊಳ್ಳಿ, ಹೇಳುತ್ತೇನೆ.

ಆಗ ನಾವಿದ್ದದ್ದು ಡೊಂಬಿವಲಿಯಲ್ಲಿ, ಲಿಫ್ಟ್ ಇಲ್ಲದ ಕಟ್ಟಡದ ಮೂರನೇ ಮಹಡಿಯಲ್ಲಿ. ಫೋನಿನಲ್ಲಿ ಮುಖ ಕಾಣುವ ಕಾಲ ಇನ್ನೂ ಬಂದಿರಲಿಲ್ಲ. ಮನೆಯಲ್ಲಿ ನಾನು, ನಮ್ಮವರು ಮತ್ತು ಅವರ ತಾಯಿ. ಅತ್ತೆ ಉಡುಪಿ ಕಡೆಯವರು, ನಾನು ಧಾರವಾಡದವಳು. ನಮ್ಮಿಬ್ಬರ ಕನ್ನಡ ಒಂದೇ ಅಡುಗೆಮನೆಯಲ್ಲಿ ಎರಡು ಒಲೆ ಹಚ್ಚಿದಂತೆ ಬೇರೆ ಬೇರೆಯಾಗಿ ಉರಿಯುತ್ತಿತ್ತು. ಜಗಳವಾದಾಗ ಅವರು ತುಳುವಿಗೆ ಇಳಿಯುತ್ತಿದ್ದರು. ಬೈಗುಳ ಅರ್ಥವಾಗದೆ ನಾನು ಆರಾಮಾಗಿರುತ್ತಿದ್ದೆ.

ಆ ವರ್ಷ ನನ್ನ ನಾದಿನಿ ವಾಣಿಗೆ ಮಸ್ಕತ್ತಿನಲ್ಲಿ ಹೆಣ್ಣುಮಗುವಾಯಿತು. ಬಾಣಂತನಕ್ಕೆಂದು ಅತ್ತೆ ಲೇಹ್ಯ, ಎಣ್ಣೆ, ಹಳೆಯ ಮೆತ್ತನೆಯ ಸೀರೆಗಳನ್ನೆಲ್ಲ ಕಟ್ಟಿಟ್ಟುಕೊಂಡು, ಹೊರಡುವ ವಾರವೇ ಮೆಟ್ಟಿಲಲ್ಲಿ ಜಾರಿ ಮೊಣಕಾಲು ಮುರಿದುಕೊಂಡರು. ಲೇಹ್ಯ ಪರಿಚಯದವರ ಜೊತೆ ವಿಮಾನ ಹತ್ತಿತು, ಅತ್ತೆ ಹತ್ತಲಿಲ್ಲ. ಅವರ ಮನೆತನದಲ್ಲಿ ಮಗುವಿನ ಕಿವಿಯಲ್ಲಿ ಹೆಸರನ್ನು ಮೊದಲು ಹೇಳುವುದು ತಾಯಿಯ ತಾಯಿ. ವಾಣಿಗೂ ಹಾಗೆಯೇ ಆಗಿತ್ತಂತೆ, ಅತ್ತೆಗೂ ಹಾಗೆಯೇ ಆಗಿತ್ತಂತೆ. "ನನ್ನಲ್ಲಿಗೆ ಬಂದು ತಪ್ಪಿಹೋಯ್ತಲ್ಲ" ಎಂದು ಮಲಗಿದಲ್ಲಿಂದಲೇ ಹೇಳುತ್ತಿದ್ದರು.

ಆಗ ನನ್ನೊಳಗಿನ ಇಂಜಿನಿಯರಳು ಎದ್ದಳು. ಸ್ಟೇಶನ್ನಿನ ಎದುರಿನ ಇನ್‌ಸ್ಟಿಟ್ಯೂಟಿನಲ್ಲಿ ನಾನು ಹಾರ್ಡ್‌ವೇರ್ ಕೋರ್ಸು ಮಾಡಿದವಳು. ಮನೆಯ ಹಳೆಯ ಕಂಪ್ಯೂಟರಿನಲ್ಲಿ ವಿಡಿಯೋ ಕಾಲ್ ಎಂದರೆ ಆಗೊಮ್ಮೆ ಈಗೊಮ್ಮೆ ಬದಲಾಗುವ ಫೋಟೋ, ಅಷ್ಟೇ. ಥಾಣೆಯ ಅಂಗಡಿಯಿಂದ ಹೊಸ ಪ್ರೊಸೆಸರು, ಹೊಸ ಮದರ್‌ಬೋರ್ಡು ತಂದು ಊಟದ ಮೇಜಿನ ಮೇಲೆ ಪೇಪರು ಹಾಸಿ ನಾನೇ ಜೋಡಿಸಿದೆ. ಇವರು ದೂರ ನಿಂತು, "ಸ್ಕ್ರೂ ಉಳಿದಿಲ್ಲ ತಾನೇ?" ಎಂದು ಮಾತ್ರ ಕೇಳಿದರು. ಎರಡು ಉಳಿದಿದ್ದವು. ಸೆರಗಿನ ತುದಿಯಲ್ಲಿ ಗಂಟು ಕಟ್ಟಿಕೊಂಡೆ.

ಅಷ್ಟರಲ್ಲಿ ಅತ್ತೆ ವಾಕರ್ ಹಿಡಿದು, ಇವರ ಕೈಗೆ ಅರಿಸಿನ ಕುಂಕುಮದ ತಟ್ಟೆ ಕೊಟ್ಟು ಕರೆದುಕೊಂಡು ಬಂದರು. ಹೊಸ ವಸ್ತುವನ್ನು ಪೂಜೆ ಮಾಡದೆ ಬಳಸುವಂತಿಲ್ಲ.

"ಹೊರಗಿನ ಡಬ್ಬಿಗೆ ಒಂದು ಕುಂಕುಮ ಹಚ್ಚರಿ ಅತ್ತಿ, ಸಾಕು" ಎಂದೆ.

"ಡಬ್ಬಿಗೆ ಪೂಜೆ ಮಾಡಿ ಎಂತ ಪ್ರಯೋಜನ ಮಾರಾಯ್ತಿ? ಕೆಲಸ ಮಾಡುದು ಒಳಗಿನದ್ದಲ್ವಾ?"

ಇವರು ತಟ್ಟೆ ಇಟ್ಟು ಸ್ನಾನಕ್ಕೆ ಹೋದರು, ಕುಕ್ಕರ್ ಕೂಗಿತೆಂದು ನಾನು ಒಳಗೆ ಹೋದೆ. ಬರುವಷ್ಟರಲ್ಲಿ ಡಬ್ಬಿಯ ಹಣೆಯಲ್ಲಿ ಕುಂಕುಮವಿತ್ತು, ಅತ್ತೆ ಕೈಮುಗಿದು ನಿಂತಿದ್ದರು. ಮುಚ್ಚಳ ಹಾಕಿ ಸ್ವಿಚ್ಚು ಒತ್ತಿದೆ.

ವಾಣಿ ಬಂದಳು, ಮಗು ಬಂತು. ಮಗು ಆಕಳಿಸಲು ಬಾಯಿ ತೆರೆಯಿತು. ಅತ್ತೆಯೂ ಜೊತೆಗೆ ಬಾಯಿ ತೆರೆದರು. ಟಪ್ಪೆಂದು ಕಂಪ್ಯೂಟರು ಬಂದ್.

ಅಲ್ಲಿಂದ ಶುರುವಾಯಿತು ನೋಡಿ ನನ್ನ ಗ್ರಹಚಾರ. ಮತ್ತೆ ಹಚ್ಚಿದರೆ ಹತ್ತು ನಿಮಿಷ ನಡೆಯುತ್ತದೆ, ಮತ್ತೆ ಬಂದ್. ಮೆಮೊರಿ ಕಡ್ಡಿ ಕಿತ್ತು ಪೆನ್ಸಿಲ್ ರಬ್ಬರಿನಿಂದ ಉಜ್ಜಿದೆ. ವಿಂಡೋಸ್ ಅಳಿಸಿ ಹೊಸದಾಗಿ ಹಾಕಿದೆ. ಬಿಸಿಯಾಗುತ್ತಿದೆಯೇನೋ ಎಂದು ಪಕ್ಕದ ಮುಚ್ಚಳವನ್ನೇ ಬಿಚ್ಚಿಟ್ಟು ಟೇಬಲ್ ಫ್ಯಾನು ತಿರುಗಿಸಿದೆ. ಪ್ರೊಸೆಸರಿನ ಮೇಲಿನ ಪುಟ್ಟ ಫ್ಯಾನನ್ನೂ ನೋಡಿದೆ. ಆದರೆ ನಾನು ನೋಡುವುದು ಎಲ್ಲ ಬಂದ್ ಆದ ಮೇಲೆ. ಕರೆಂಟಿಲ್ಲದ ಫ್ಯಾನು ನಿಂತಿರದೆ ಕುಣಿಯುತ್ತದೆಯೇ?

ನಮ್ಮವರು ನವಿ ಮುಂಬಯಿಯ ಆಫೀಸಿನಲ್ಲಿ ವಿಚಾರಿಸಿಕೊಂಡು ಬಂದು, "ಅರೇ, ವೋಲ್ಟೇಜ್ ಪ್ರಾಬ್ಲೆಮ್ ಇರ್ಬೇಕು ಮಾರಾಯ್ತಿ" ಎಂದರು. ಲೋಡ್‌ಶೆಡ್ಡಿಂಗಿನ ದಿನಗಳು, ಆ ಮಾತಿಗೆ ಬೆಲೆಯೂ ಇತ್ತು. ಅತ್ತೆಯ ಪ್ರಕಾರ ಅದು ಕೆಳಗಿನ ಮನೆಯವರ ದೃಷ್ಟಿ. ಅಂಗಡಿಯ ಪೆಟ್ಟಿಗೆ ಮೇಲೆ ಬರುವಾಗ ಆ ಮನೆಯಾಕೆ ಬಾಗಿಲಲ್ಲಿ ನಿಂತಿದ್ದಳಂತೆ.

ಕೊನೆಗೆ ಡಬ್ಬಿಯನ್ನು ಎತ್ತಿಕೊಂಡು ಥಾಣೆಗೆ ಹೊರಟೆ. ಮಧ್ಯಾಹ್ನದ ಲೋಕಲ್ ರೈಲಿನ ಹೆಂಗಸರ ಬೋಗಿಯಲ್ಲಿ ತೊಡೆಯ ಮೇಲೆ ಕಂಪ್ಯೂಟರು ಇಟ್ಟುಕೊಂಡು ಕೂತವಳನ್ನು ಸುಮ್ಮನೆ ಬಿಡುತ್ತಾರೆಯೇ? ದಿವಾದಲ್ಲಿ ಹತ್ತಿದ ಮೀನಿನ ಬುಟ್ಟಿಯವಳು ವೈರಸ್ ಅಂದಳು. ಬಟಾಣಿ ಸುಲಿಯುತ್ತಿದ್ದವಳು, ತನ್ನ ಓರಗಿತ್ತಿಯ ಕಂಪ್ಯೂಟರಿಗೂ ಹೀಗೇ ಆಗಿತ್ತು, ಮಾರಿದ ಮೇಲೆ ಸರಿಹೋಯಿತು ಅಂದಳು. ಕಳವಾದಲ್ಲಿ ಇಳಿದವಳು ಇಳಿಯುತ್ತಲೇ ಡಬ್ಬಿಯ ಕುಂಕುಮ ಮುಟ್ಟಿ ನಮಸ್ಕಾರ ಮಾಡಿಕೊಂಡಳು.

ಅಂಗಡಿಯ ಸಾವಂತ ಮುಚ್ಚಳ ತೆಗೆದವನೇ ಬ್ಲೋವರ್ ಹಿಡಿದು ಒಳಗಿದ್ದದ್ದನ್ನೆಲ್ಲ ರಸ್ತೆಗೆ ಊದಿದ. ನಮ್ಮ ಕಂಪ್ಯೂಟರು ಅಲ್ಲಿ ಸಂಜೆಯವರೆಗೂ ಒಂದು ಸಾರಿಯೂ ಕೆಮ್ಮಲಿಲ್ಲ. "ವಹಿನೀ, ಮಷೀನ್ ಏಕದಮ್ ಠೀಕ್ ಆಹೆ" ಎಂದು, ಮಷೀನಿಗೆ ಏನೂ ಆಗಿಲ್ಲವೆಂದು ಸಾರಿ, ದೋಷವನ್ನೆಲ್ಲ ನಮ್ಮ ಮನೆಯ ಅರ್ಥಿಂಗಿನ ಮೇಲೆ ಹಾಕಿ ಕಳಿಸಿದ. ಮನೆಗೆ ತಂದೆ. ದವಾಖಾನೆಯಿಂದ ಬಂದ ಮಗುವನ್ನು ಬರಮಾಡಿಕೊಳ್ಳುವಂತೆ ಅತ್ತೆ ಅದಕ್ಕೆ ಆರತಿ ಎತ್ತಿದರು. ಮರುದಿನ ಮತ್ತೆ ಹತ್ತೇ ನಿಮಿಷ. ಇಲೆಕ್ಟ್ರಿಷಿಯನ್ನನ್ನು ಕರೆಸಿ ಅರ್ಥಿಂಗ್ ನೋಡಿಸಿದೆ. ಅದು ನನ್ನ ತಲೆಗಿಂತ ಸರಿಯಾಗಿತ್ತು.

ನಾಮಕರಣ ಭಾನುವಾರವಿತ್ತು. ಶನಿವಾರ ಅತ್ತೆ ಉಡಲೆಂದು ತೆಗೆದಿಟ್ಟ ರೇಷ್ಮೆ ಸೀರೆಯನ್ನು ಮಡಚಿ ಮತ್ತೆ ಕಪಾಟಿನಲ್ಲಿಟ್ಟರು. "ನಾನು ಫೋನಲ್ಲೇ ಹೇಳ್ತೇನೆ ಬಿಡು. ಮುಖ ನೋಡದೆಯೂ ಹೆಸರಿಡ್ಬಹುದು" ಎಂದರು. ಬೈದಿದ್ದರೆ ನನಗೆ ಏನೂ ಅನ್ನಿಸುತ್ತಿರಲಿಲ್ಲ. ಈ ಮೆತ್ತಗಿನ ಮಾತಿಗೆ ಎದ್ದು ಅಡುಗೆಮನೆಗೆ ಹೋಗಿ, ತೊಳೆದಿಟ್ಟ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಭಾನುವಾರ ಬೆಳಿಗ್ಗೆಯೇ ಮತ್ತೊಮ್ಮೆ ಸಾವಂತನಲ್ಲಿಗೆ ಹೋಗುವುದೆಂದು ಇವರು ಡಬ್ಬಿಯನ್ನು ಹೆಗಲಿಗೇರಿಸಿ ಮೆಟ್ಟಿಲಿಳಿಯತೊಡಗಿದರು. ಹಿಂದೆ ನಾನು. ಎರಡನೇ ಮಹಡಿಯ ತಿರುವಿನಲ್ಲಿ ಡಬ್ಬಿ ಸ್ವಲ್ಪ ವಾಲಿತು. ತೆರೆದ ಪಕ್ಕದಿಂದ ಹಳದಿ ಅಕ್ಕಿ ಸರಸರನೆ ಇವರ ಬೋಳುತಲೆಯ ಮೇಲೆ, ಕಾಲರಿನೊಳಗೆ, ಚಪ್ಪಲಿಯ ಮೇಲೆ ಸುರಿಯಿತು. ನಮ್ಮ ಧಾರೆಯ ಮಂಟಪದಲ್ಲಿಯೂ ಇವರ ಮೇಲೆ ಇಷ್ಟು ಅಕ್ಷತೆ ಬಿದ್ದಿರಲಿಲ್ಲ. ಇವರು ಡಬ್ಬಿ ಹೊತ್ತುಕೊಂಡೇ ಮೆಟ್ಟಿಲ ಮೇಲೆ ಕೂತುಬಿಟ್ಟರು.

ತಿರುಗಿ ಮೇಲೆ ಬಂದೆವು. "ಅತ್ತಿ, ಇದರಾಗ ಏನ್ ಹಾಕೀರಿ?" ಎಂದೆ.

"ಎಂತ ಹಾಕುದು? ಅಕ್ಷತೆ ಹಾಕಿದ್ದು. ಮತ್ತೆ ಮಣ್ಣು ಹಾಕ್ಲಿಕ್ಕುಂಟಾ?"

ಮೊದಲ ದಿನ ಕುಕ್ಕರ್ ಕೂಗಿದಾಗ ಹಾಕಿದ್ದರು. ಆಮೇಲೆ ಕಂಪ್ಯೂಟರು ನಿಂತಾಗಲೆಲ್ಲ, ಪಾಪ, ಮತ್ತೊಂದು ಚಿಟಿಕೆ. ಸಾವಂತ ಊದಿ ಕಳಿಸಿದ ದಿನವಂತೂ ಎರಡು ಚಿಟಿಕೆ, ರಿಪೇರಿಯಾಗಿ ಬಂದಿದೆಯಲ್ಲ ಎಂದು. ಗಾಳಿಯಾಡಲೆಂದು ಮುಚ್ಚಳ ತೆರೆದಿಟ್ಟವಳು ನಾನೇ, ವೈರುಗಳ ಗೊಂಚಲಿನಡಿ ಕಾಳು ಕಾಣದವಳೂ ನಾನೇ. ಕಾಳು ಹೋಗಿ ಪುಟ್ಟ ಫ್ಯಾನಿನ ರೆಕ್ಕೆಗೆ ಸಿಕ್ಕುತ್ತದೆ, ಫ್ಯಾನು ನಿಲ್ಲುತ್ತದೆ, ಪ್ರೊಸೆಸರು ಕಾದು ಜೀವ ಉಳಿಸಿಕೊಳ್ಳಲು ಎಲ್ಲವನ್ನೂ ಬಂದ್ ಮಾಡುತ್ತದೆ, ಅತ್ತೆ ಬಂದು ಮತ್ತೆ ಅಕ್ಷತೆ ಹಾಕುತ್ತಾರೆ. ನಾನು ವಿಜ್ಞಾನದಿಂದ, ಅವರು ಭಕ್ತಿಯಿಂದ, ಇಬ್ಬರೂ ಸೇರಿ ಆ ಬಡಪಾಯಿಯ ಉಸಿರು ಕಟ್ಟಿಸಿದ್ದೆವು.

ನಾನು ಈ ಚಿಮಟ ತಂದು ಉಳಿದ ಕಾಳುಗಳನ್ನು ಒಂದೊಂದಾಗಿ ಕಿತ್ತೆ. ಅತ್ತೆ ತಟ್ಟೆ ಒಡ್ಡಿ ಕೂತರು. ಮಗನ ಕಾಲರಿನಲ್ಲಿದ್ದದ್ದನ್ನೂ ಆರಿಸಿ ತಟ್ಟೆಗೆ ಹಾಕಿಕೊಂಡರು. ಸ್ವಿಚ್ಚು ಒತ್ತಿದೆ. ಫ್ಯಾನು ಜುಂಯ್ ಎಂದಿತು. ಹತ್ತು ನಿಮಿಷವಾಯಿತು, ಅರ್ಧ ಗಂಟೆಯಾಯಿತು, ನಿಲ್ಲಲಿಲ್ಲ. ಅತ್ತೆ ಎದ್ದು ಹೋಗಿ ರೇಷ್ಮೆ ಸೀರೆ ಉಟ್ಟು ಬಂದರು.

ಮಸ್ಕತ್ತಿನಲ್ಲಿ ವಾಣಿ ಮಗುವಿನ ಕಿವಿಯನ್ನು ಸ್ಪೀಕರಿನ ಹತ್ತಿರ ಹಿಡಿದಳು. ಅತ್ತೆ ಮೈಕಿಗೆ ಬಾಯಿ ತಾಗಿಸಿ, ಗುಟ್ಟು ಹೇಳುವಂತೆ, "ಅನನ್ಯಾ" ಎಂದರು. ಮತ್ತೊಮ್ಮೆ ಎಂದರು. ಮೂರನೆಯ ಸಲ ಹೇಳುವ ಮೊದಲು ಸೆರಗಿನಿಂದ ಪರದೆ ಒರೆಸಿದರು. ಆಮೇಲೆ ಅವರ ಕೈ ತಟ್ಟೆಯ ಕಡೆಗೆ ಹೋದದ್ದನ್ನು ಕಂಡೆ. ಸೆರಗು ಬಿಚ್ಚಿ ಡಬ್ಬಿಯ ಮೇಲೆ ಹೊದಿಸಿದೆ, ಇವರು ಬಗ್ಗಿ ಕೀಬೋರ್ಡಿಗೆ ತಮ್ಮ ಬೆನ್ನನ್ನೇ ಅಡ್ಡ ಕೊಟ್ಟರು. ಅಕ್ಷತೆ ಪಟಪಟನೆ ಪರದೆಯ ಮೇಲೆ ಬಿತ್ತು. ಆ ಕಡೆ ವಾಣಿ, ನಿಜವಾಗಿಯೂ ಮೈಮೇಲೆ ಬಿದ್ದಂತೆ, ಮಗುವಿನೊಂದಿಗೆ ತಲೆ ಬಗ್ಗಿಸಿದಳು. ನನಗೆ ಅಳು ತಡೆಯಲಾಗಲಿಲ್ಲ.

ಆ ಕಂಪ್ಯೂಟರು ಎಂದೋ ರದ್ದಿಗೆ ಹೋಯಿತು. ನಾವು ಘೋಡಬಂದರ್ ರಸ್ತೆಯ ಈ ಲಿಫ್ಟಿನ ಮನೆಗೆ ಬಂದೆವು. ಅತ್ತೆ ಈ ಮನೆ ನೋಡಲಿಲ್ಲ.

ಚಹಾ ಆರಿತು ನೋಡಿ, ಕುಡಿಯಿರಿ. ಚಿಮಟವನ್ನು ಫೋನಿನ ತೂತಿಗೆ ಹಾಕಿ ಮೆಲ್ಲಗೆ ಎಳೆದೆ. ಬಂದದ್ದು ಒಂದು ಹಳದಿ ಅಕ್ಕಿಕಾಳು. ನಿನ್ನೆ ಅನನ್ಯಾ ಕರೆ ಮಾಡಿದ್ದಳು. ಇಂದಿನಿಂದ ಅವಳ ಪರೀಕ್ಷೆ. "ಮಾಮಿ, ಆಶೀರ್ವಾದ್ ದೋ ನಾ" ಎಂದು ತಲೆ ಬಗ್ಗಿಸಿದಳು. ದೇವರ ಕೋಣೆಯಲ್ಲೇ ಇದ್ದೆ, ಕೈ ತನ್ನಷ್ಟಕ್ಕೆ ತಾನೇ ಅಕ್ಷತೆಯ ಬಟ್ಟಲಿಗೆ ಹೋಯಿತು. ಹಾರ್ಡ್‌ವೇರ್ ಕೋರ್ಸು ಮಾಡಿದ ಕೈ.

ಕಾಳನ್ನು ಅಂಗೈಯಲ್ಲಿಟ್ಟುಕೊಂಡು ಕೂತಿದ್ದಾಗ ಇವರು ವಾಕಿಂಗ್ ಮುಗಿಸಿ ಬಂದರು. "ಫೋನಲ್ಲಿ ಏನು ಸಿಕ್ತು?" ಎಂದು ನನ್ನ ಅಂಗೈ ನೋಡಿ ಬಾಗಿಲಲ್ಲೇ ಕೇಳಿದರು.

"ಎಂತ ಸಿಕ್ಕುದು? ಅಕ್ಷತೆ ಸಿಕ್ಕಿದ್ದು. ಮತ್ತೆ ಮಣ್ಣು ಸಿಕ್ಲಿಕ್ಕುಂಟಾ?"

ಧಾರವಾಡದ ನನ್ನ ಬಾಯಲ್ಲಿ ಅದು ಹೇಗೆ ಬಂತೋ ಗೊತ್ತಿಲ್ಲ. ಇವರು ಒಂದು ಚಪ್ಪಲಿ ಬಿಟ್ಟವರು, ಇನ್ನೊಂದನ್ನು ಬಿಡದೆ ಹಾಗೆಯೇ ನಿಂತರು.